ಆಂಪ್ಲಿಫೈಯರ್‌ಗೆ ಎಷ್ಟು ದಪ್ಪ ವೈರ್, ಎಷ್ಟರ ಫ್ಯೂಸ್?

‘ಅಣ್ಣಾ, 60ರ ಫ್ಯೂಸ್ ಹಾಕ್ಬೇಕೋ, 100ರದ ಹಾಕ್ಬೇಕೋ?’ ಆಂಪ್ಲಿಫೈಯರ್ ಬಾಕ್ಸ್ ಕಂಕುಳಲ್ಲಿ ಹಿಡಿದುಕೊಂಡು ಅಂಗಡಿಗೆ ಬರುವ ಹುಡುಗರು ಮೊದಲು ಕೇಳುವುದು ಇದನ್ನೇ. ನಾನು ತಿರುಗಿ ಕೇಳುವುದು ಬೇರೆ. ವೈರ್ ಯಾವುದು? ಎಷ್ಟು ಉದ್ದ? ಬ್ಯಾಟರಿಯಿಂದ ಆಂಪ್ (ಆಂಪ್ಲಿಫೈಯರ್) ತನಕ ಯಾವ ದಾರಿ ಹಿಡಿದು ಹೋಗುತ್ತದೆ? ಇದು ಗೊತ್ತಾಗದೆ ಫ್ಯೂಸಿನ ನಂಬರ್, ಅಂದರೆ ಎಷ್ಟು ಆಂಪಿಯರ್‌ನದು ಅಂತ, ಹೇಳಲು ಬರುವುದಿಲ್ಲ. ಬ್ಯಾಟರಿ ಹತ್ತಿರ ಕೂರುವ ಆ ದೊಡ್ಡ ಫ್ಯೂಸ್ ಇರುವುದು ವೈರನ್ನು ಕಾಯಲಿಕ್ಕೆ. ಆಂಪ್ ಕಾಯುವ ಫ್ಯೂಸ್ ಸಾಮಾನ್ಯವಾಗಿ ಆಂಪ್ ಮೈಮೇಲೇ ಇರುತ್ತದೆ.

ಕಲಬುರಗಿಯಲ್ಲಿ ಹುಮನಾಬಾದ್ ರಸ್ತೆ ಕಡೆ ನನ್ನದು ಕಾರ್ ವೈರಿಂಗ್ ಕೆಲಸ. ಟ್ರ್ಯಾಕ್ಟರ್, ಜೀಪುಗಳ ಸೆಲ್ಫ್ ಮೋಟರ್, ಡೈನಮೋ ಬಿಚ್ಚುತ್ತಾ ಕಲಿತವನು ನಾನು. ಈಗ ಕೈಗೆ ಬರುವ ಕೆಲಸದಲ್ಲಿ ಜಾಸ್ತಿ ಪಾಲು ಸಬ್ ವೂಫರ್, ಆಂಪ್, ಆಂಡ್ರಾಯ್ಡ್ ಸ್ಟೀರಿಯೋಗಳದು. ಸಾಮಾನನ್ನು ಆನ್‌ಲೈನ್‌ನಲ್ಲಿ ತರಿಸುತ್ತಾರೆ, ಇಲ್ಲಾ ಹೈದರಾಬಾದಿಗೆ ಹೋದಾಗ ತಂದುಕೊಳ್ಳುತ್ತಾರೆ. ಸ್ಪೀಕರ್ ಬಗ್ಗೆ, ಬಾಕ್ಸ್ ಬಗ್ಗೆ ಎಲ್ಲಾ ಓದಿಕೊಂಡು ಬಂದಿರುತ್ತಾರೆ. ವೈರ್ ಬಗ್ಗೆ ಯಾರೂ ಓದಿರುವುದಿಲ್ಲ. ಅದಕ್ಕೇ ಇದನ್ನು ಬರೆದಿಟ್ಟರೆ ಫೋನಿನಲ್ಲಿ ಕಳಿಸಲಿಕ್ಕಾದರೂ ಆಗುತ್ತದೆ ಅನಿಸಿತು.

ಸ್ವಲ್ಪ ದಿನದ ಹಿಂದೆ ಜೇವರ್ಗಿ ಕಡೆಯಿಂದ ಒಂದು ಬೊಲೆರೊ ಬಂತು. ಬೇರೆ ಊರಿನ ಒಂದು ಅಂಗಡಿಯಲ್ಲಿ ಆಂಪ್ ಹಾಕಿಸಿದ್ದರು. ‘ಒಂದೊಂದ್ ಸಲ ಸುಟ್ಟ ವಾಸನಿ ಬರ್ತದ್ರೀ, ಬ್ಯಾಟರಿನೂ ಸುಮ್ನೆ ಇಳೀತದ’ ಅಂದರು ಮಾಲೀಕರು. ಬಾನೆಟ್ ಎತ್ತಿದೆ. ಬ್ಯಾಟರಿ ಪಾಸಿಟಿವ್‌ನಿಂದ ಕೆಂಪು ವೈರ್ ನೇರ ಫೈರ್‌ವಾಲ್ (ಎಂಜಿನ್‌ಗೂ ಗಾಡಿಯ ಒಳಗಿಗೂ ನಡುವಿನ ತಗಡಿನ ಗೋಡೆ) ಕಡೆ ಹೋಗಿತ್ತು. ನಡುವೆ ಫ್ಯೂಸ್ ಇಲ್ಲ. ಫೈರ್‌ವಾಲ್ ತಗಡಿಗೆ ಡ್ರಿಲ್‌ನಲ್ಲಿ ತೂತು ಹೊಡೆದು, ಗ್ರೊಮೆಟ್ (ತೂತಿನ ಅಂಚಿಗೆ ಕೂರಿಸುವ ರಬ್ಬರ್ ಬಳೆ) ಹಾಕದೆ, ವೈರನ್ನು ಹಾಗೇ ತೂರಿಸಿದ್ದರು. ಟಾರ್ಚ್ ಬಿಟ್ಟು ನೋಡಿದರೆ ತೂತಿನ ಅಂಚು ಇನ್ಸುಲೇಶನ್ ಒಳಗೆ ಅರ್ಧ ಇಳಿದಿತ್ತು. ಒಳಗಿನ ಎಳೆಗಳು ಹೊಳೆಯುತ್ತಿದ್ದವು. ಕೆಲವು ಎಳೆಗಳ ತುದಿ ಕರಗಿ ಸಾಸಿವೆ ಕಾಳಿನಷ್ಟು ಉಂಡೆ ಕಟ್ಟಿತ್ತು. ತಗಡಿನ ಬಣ್ಣ ಆ ಜಾಗದಲ್ಲಿ ಸುತ್ತಲೂ ಕಪ್ಪಾಗಿತ್ತು. ಒಳಗೆ ಕಾರ್ಪೆಟ್ ಎತ್ತಿದರೆ ಅದರ ತಳ ವೈರಿಗೆ ಅಂಟಿಕೊಂಡು ಬಂತು. ಗಾಡಿ ಗುಂಡಿಗೆ ಇಳಿದಾಗಲೆಲ್ಲ ವೈರ್ ತಗಡಿಗೆ ತಾಗಿ ಕಿಡಿ ಹಾರಿಸುತ್ತಿತ್ತು. ಆ ಗಾಡಿಯಲ್ಲಿ ಮಕ್ಕಳು ಶಾಲೆಗೆ ಹೋಗುತ್ತಿದ್ದರು. ಅದನ್ನು ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ಆಂಪ್‌ನಲ್ಲಿ ಫ್ಯೂಸ್ ಇತ್ತು. ಆದರೆ ಅದು ಡಿಕ್ಕಿಯಲ್ಲಿತ್ತು. ವೈರ್ ಮುಂದುಗಡೆ ತಗಡಿಗೆ ತಾಗಿದರೆ ಕರೆಂಟ್ ಅಲ್ಲಿಂದಲೇ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಡಿಕ್ಕಿ ತನಕ ಹೋಗುವುದೇ ಇಲ್ಲ. ಹಿಂದಿನ ಫ್ಯೂಸಿಗೆ ಏನೂ ಗೊತ್ತಾಗುವುದಿಲ್ಲ. ಸೆಲ್ಫ್ ಹೊಡೆಯುವಾಗ ನೂರಕ್ಕೂ ಜಾಸ್ತಿ ಆಂಪಿಯರ್ ಕೊಡುವ ಬ್ಯಾಟರಿ ಅದು. ನೇರ ಶಾರ್ಟ್ ಆದರೆ ನೂರಾರು ಆಂಪಿಯರ್ ಹರಿಯುತ್ತದೆ. ವೈರ್ ಕೆಂಪಾಗಲು ಹೊತ್ತು ಬೇಕಿಲ್ಲ. ಅದರ ಮೈಗೆ ಹತ್ತಿಕೊಂಡೇ ಕಾರ್ಪೆಟ್, ಫೋಮ್, ಪ್ಲಾಸ್ಟಿಕ್ ಎಲ್ಲಾ ಇರುತ್ತದೆ ಅಲ್ವಾ?

ಹಾಗಾಗಿ ಮೊದಲ ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಬೇಕು. ಒಂದೂವರೆ ಅಡಿಯೊಳಗೆ ಅಂತ ಕಾರ್ ಆಡಿಯೋದವರು ಸಾಮಾನ್ಯವಾಗಿ ಹೇಳುತ್ತಾರೆ. ನಾನು ಒಂದು ಗೇಣಿನೊಳಗೆ ಹಾಕುತ್ತೇನೆ. ಬ್ಯಾಟರಿಯಿಂದ ಫ್ಯೂಸ್ ತನಕ ಇರುವ ಆ ತುಂಡು ವೈರಿಗೆ ಯಾವ ಕಾವಲೂ ಇಲ್ಲ. ಅದು ಎಷ್ಟು ಚಿಕ್ಕದೋ ಅಷ್ಟು ಒಳ್ಳೆಯದು. ಆ ತುಂಡಿಗೂ ಸ್ಲೀವ್ ಹಾಕಿ ಬಿಗಿಯಾಗಿ ಕಟ್ಟಬೇಕು.

ಈಗ ಲೆಕ್ಕಕ್ಕೆ ಬರೋಣ. ಆಂಪ್ ಎಷ್ಟು ಕರೆಂಟ್ ಎಳೆಯುತ್ತದೆ? ಬಾಕ್ಸ್ ಮೇಲೆ ದೊಡ್ಡ ಅಕ್ಷರದಲ್ಲಿ 2000 ವ್ಯಾಟ್, 3000 ವ್ಯಾಟ್ ಅಂತ ಬರೆದಿರುತ್ತದೆ. ಅದನ್ನು ಬಿಟ್ಟುಬಿಡಿ. ಆರ್‌ಎಂಎಸ್ ವ್ಯಾಟ್, ಅಂದರೆ ಆಂಪ್ ಬಿಡದೆ ಕೊಡಬಲ್ಲ ನಿಜವಾದ ಪವರ್, ಎಷ್ಟು ಅಂತ ಒಳಗಿನ ಪುಸ್ತಕದಲ್ಲಿ ನೋಡಿ. ಆಂಪ್‌ನ ಪಕ್ಕದಲ್ಲಿ ಸಿಕ್ಕಿಸಿರುವ ಬ್ಲೇಡ್ ಫ್ಯೂಸುಗಳನ್ನೂ ನೋಡಿ. ಹಸಿರು ಬಣ್ಣದ 30ರ ಫ್ಯೂಸ್ ಎರಡಿದ್ದರೆ ಆ ಆಂಪ್ ಸುಮಾರು 60 ಆಂಪಿಯರ್‌ನೊಳಗೆ ಕೆಲಸ ಮಾಡುವಂಥದ್ದು. 2000 ವ್ಯಾಟ್ ಅಂತ ಬರೆದ ಆಂಪ್‌ನಲ್ಲಿ 30ರದ್ದು ಒಂದೇ ಫ್ಯೂಸ್ ಇದ್ದರೆ ಆ 2000 ಎಷ್ಟು ನಿಜ ಅಂತ ನೀವೇ ಲೆಕ್ಕ ಹಾಕಬಹುದು. 30ನ್ನು 14 ವೋಲ್ಟ್‌ನಿಂದ ಗುಣಿಸಿದರೆ 420 ವ್ಯಾಟ್. ಒಳಗೆ ಹೋಗುವುದೇ ಅಷ್ಟು. ಹೊರಗೆ ಬರುವುದು ಅದಕ್ಕಿಂತ ಕಡಿಮೆ.

ಫ್ಯೂಸ್ ಇಲ್ಲದ ದೊಡ್ಡ ಆಂಪ್ ಆದರೆ ಹೀಗೆ ಮಾಡಿ. ಆರ್‌ಎಂಎಸ್ ವ್ಯಾಟ್ ಎಲ್ಲಾ ಕೂಡಿಸಿ. ಕ್ಲಾಸ್ ಡಿ ಆಂಪ್ ಆದರೆ 0.8ರಿಂದ, ಕ್ಲಾಸ್ ಎಬಿ ಆದರೆ 0.5ರಿಂದ ಭಾಗಿಸಿ. ಇವು ಆಂಪ್‌ನ ಎರಡು ಥರ, ಒಳಗೆ ಹೋದ ಪವರ್‌ನಲ್ಲಿ ಎಷ್ಟು ಪಾಲು ಹೊರಗೆ ಬರುತ್ತದೆ ಅನ್ನುವುದೇ ಆ ನಂಬರ್. ಬಂದದ್ದನ್ನು 13.8 ವೋಲ್ಟ್‌ನಿಂದ ಭಾಗಿಸಿ. 500 ವ್ಯಾಟ್‌ನ ಕ್ಲಾಸ್ ಡಿ ಮೊನೊ ಆಂಪ್ ಸುಮಾರು 45 ಆಂಪಿಯರ್ ಎಳೆಯುತ್ತದೆ. 60 ವ್ಯಾಟ್‌ನ ನಾಲ್ಕು ಚಾನೆಲ್ ಇರುವ ಕ್ಲಾಸ್ ಎಬಿ ಆಂಪ್ ಸುಮಾರು 35 ಎಳೆಯುತ್ತದೆ. ಎರಡೂ ಸೇರಿ 80. ಹಾಡು ಕೇಳುವಾಗ ಸರಾಸರಿ ಕರೆಂಟ್ ಇದಕ್ಕಿಂತ ಎಷ್ಟೋ ಕಡಿಮೆ ಇರುತ್ತದೆ, ನಿಜ. ಡೋಲು ಬಡಿದ ಕ್ಷಣಕ್ಕೆ ಮಾತ್ರ ಪೂರ್ತಿ ಎಳೆಯುತ್ತದೆ. ಆದರೆ ಬೇಸ್ ಬಿಡದೆ ಬಡಿಯುವ ಡಿಜೆ ಹಾಡು ಹಾಕಿಕೊಂಡು ಓಡಾಡುವವರಿಗೆ ಸರಾಸರಿ ನಂಬಿ ವೈರ್ ಹಾಕಿದರೆ ಕೆಲಸ ಕೆಡುತ್ತದೆ. ಪೂರ್ತಿ ಲೆಕ್ಕಕ್ಕೇ ವೈರ್ ಹಾಕಿ.

ವೈರ್ ವಿಷಯದಲ್ಲಿ ನಾನು ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ದುಡ್ಡು ಉಳಿಸಲು ಹೋಗಿ ಜನ ಮೋಸ ಹೋಗುವುದು ಇಲ್ಲೇ. ಕಾರ್ ಆಡಿಯೋ ಕಿಟ್‌ಗಳ ಮೇಲೆ ಬರೆದ ಗೇಜ್ ಅಮೆರಿಕದ ಎಡಬ್ಲ್ಯೂಜಿ ಲೆಕ್ಕದ್ದು. ನಂಬರ್ ಸಣ್ಣದಾದಷ್ಟೂ ವೈರ್ ದಪ್ಪ. 8 ಗೇಜ್ ಅಂದರೆ ಸುಮಾರು 8.4 ಸ್ಕ್ವೇರ್ ಎಂಎಂ. 4 ಗೇಜ್ ಅಂದರೆ 21. 2 ಗೇಜ್ 33ರ ಮೇಲೆ. ಸೊನ್ನೆ ಗೇಜ್ ಅಂದರೆ 53. ಇವು ಒಳಗಿನ ತಾಮ್ರದ ಅಳತೆ. ಮೇಲಿನ ರಬ್ಬರ್ ಇಲ್ಲಿ ಲೆಕ್ಕಕ್ಕಿಲ್ಲ. ಹಳೇ ವೈಂಡಿಂಗ್ ಮೇಸ್ತ್ರಿಗಳು ಗೇಜ್ ಅಂದರೆ ಬ್ರಿಟಿಷರ ಎಸ್‌ಡಬ್ಲ್ಯೂಜಿ ಅಂದುಕೊಳ್ಳುತ್ತಾರೆ. ಅದರ ಅಳತೆಯೇ ಬೇರೆ. ಅಂಗಡಿಯಲ್ಲಿ ಮಾತಾಡುವಾಗ ಗೇಜ್ ಬಿಟ್ಟು ಸ್ಕ್ವೇರ್ ಎಂಎಂ ಕೇಳಿದರೆ ಗೊಂದಲ ಇರುವುದಿಲ್ಲ.

ಸ್ವಿಫ್ಟ್‌ನಂಥ ಕಾರಿನಲ್ಲಿ ಬ್ಯಾಟರಿಯಿಂದ ಡಿಕ್ಕಿಗೆ ತಿರುವು ಮುರುವು ಎಲ್ಲಾ ಸೇರಿ ಸುಮಾರು 5 ಮೀಟರ್ ವೈರ್ ಬೇಕು. 60 ಆಂಪಿಯರ್ ಎಳೆಯುವಾಗ ಶುದ್ಧ ತಾಮ್ರದ 8 ಗೇಜ್ ವೈರಿನಲ್ಲಿ 0.6 ವೋಲ್ಟ್ ದಾರಿಯಲ್ಲೇ ಖರ್ಚಾಗುತ್ತದೆ. ಅಂದರೆ 37 ವ್ಯಾಟ್ ವೈರ್ ಕಾಯಿಸಲಿಕ್ಕೇ ಹೋಯಿತು. ಅದೇ 4 ಗೇಜ್‌ನಲ್ಲಿ 0.25 ವೋಲ್ಟ್, 15 ವ್ಯಾಟ್. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ವೋಲ್ಟ್ ಇದ್ದರೆ ಆಂಪ್ ತನಕ 13.5ಕ್ಕಿಂತ ಕೆಳಗೆ ಇಳಿಯಬಾರದು ಅಂತ ನಾನು ನೋಡುತ್ತೇನೆ. ಗ್ರೌಂಡ್ ಕಡೆಯ, ಅಂದರೆ ಆಂಪ್‌ನಿಂದ ಬಾಡಿ ಮೂಲಕ ಬ್ಯಾಟರಿಗೆ ವಾಪಸ್ ಬರುವ ದಾರಿಯ, ನಷ್ಟವೂ ಅದರೊಳಗೇ ಬರಬೇಕು. ಹಾಗಾಗಿ 60 ಆಂಪಿಯರ್‌ಗೆ 5 ಮೀಟರ್ ದೂರಕ್ಕೆ 4 ಗೇಜ್ ತಾಮ್ರ. 8 ಗೇಜ್ ಹಾಕಿದರೆ ಕೂಡಲೇ ಬೆಂಕಿ ಹತ್ತುವುದಿಲ್ಲ, ಆದರೆ ಬೇಸ್ ಬಡಿದಾಗ ಆಂಪ್‌ಗೆ ಉಸಿರು ಸಾಲುವುದಿಲ್ಲ. ಶಬ್ದ ಒಡೆಯುತ್ತದೆ. ಜನ ಸ್ಪೀಕರ್ ಬೈಯುತ್ತಾರೆ.

ಇದು ತಾಮ್ರದ ಲೆಕ್ಕ. ಮಾರುಕಟ್ಟೆಯಲ್ಲಿ ಅಗ್ಗಕ್ಕೆ ಸಿಗುವ ಕಿಟ್‌ಗಳಲ್ಲಿ ಇರುವುದು ಸಿಸಿಎ. ಅಂದರೆ ಅಲ್ಯೂಮಿನಿಯಂ ಎಳೆ, ಮೇಲೆ ತೆಳ್ಳಗೆ ತಾಮ್ರ. ನೋಡಲಿಕ್ಕೆ ತಾಮ್ರವೇ. ಅದೇ ದಪ್ಪಕ್ಕೆ ಅದರ ರೆಸಿಸ್ಟೆನ್ಸ್ ತಾಮ್ರದ ಒಂದೂವರೆ ಪಟ್ಟಿಗಿಂತ ಜಾಸ್ತಿ. ಮೇಲಿನ 8 ಗೇಜ್ ಲೆಕ್ಕ ಸಿಸಿಎ ವೈರಿಗೆ ಹಾಕಿದರೆ ಹತ್ತಿರ ಹತ್ತಿರ 1 ವೋಲ್ಟ್ ಹೋಗುತ್ತದೆ. ಅದರ ಮೇಲೆ ಕೆಲವು ಕಿಟ್‌ಗಳಲ್ಲಿ ದಪ್ಪವೂ ಸುಳ್ಳು. ‘4 ಗೇಜ್’ ಅಂತ ಬರೆದ ವೈರ್ ಸುಲಿದರೆ ಬೆರಳು ದಪ್ಪದ ರಬ್ಬರಿನ ನಡುವೆ ಪೆನ್ಸಿಲ್ ಕಡ್ಡಿಯಷ್ಟು ಲೋಹ ಇರುತ್ತದೆ.

ಕಂಡುಹಿಡಿಯುವುದು ಕಷ್ಟವಿಲ್ಲ. ಒಂದು ಎಳೆ ತೆಗೆದು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬಿಳಿ ಕಂಡರೆ ಅಲ್ಯೂಮಿನಿಯಂ. ಬ್ಲೇಡ್ ಸಿಗದಿದ್ದರೆ ಒಂದೆರಡು ಎಳೆಗಳನ್ನು ರಬ್ಬರಿನಿಂದ ಪೂರ್ತಿ ಬಿಡಿಸಿ, ಇಕ್ಕಳದಲ್ಲಿ ಹಿಡಿದು, ಅಂಗಡಿಯ ಹೊರಗೆ ಲೈಟರ್ ಹಚ್ಚಿ. ತಾಮ್ರದ ಎಳೆ ಕೆಂಪಾಗಿ, ಆಮೇಲೆ ಕಪ್ಪಾಗಿ, ಹಾಗೇ ನಿಲ್ಲುತ್ತದೆ. ತಾಮ್ರ ಕರಗಲು 1085 ಡಿಗ್ರಿ ಬೇಕು. ಅಲ್ಯೂಮಿನಿಯಂ 660ಕ್ಕೇ ಕರಗುತ್ತದೆ. ಹಾಗಾಗಿ ಸಿಸಿಎ ಎಳೆ ಜೋತುಬಿದ್ದು ಪುಡಿಯಾಗಿ ಉದುರುತ್ತದೆ. ಒಂದು ಮಾತು ನೆನಪಿರಲಿ. ಹೊರಗೆ ಬೆಳ್ಳಗೆ, ಕೆರೆದಾಗ ಒಳಗೆ ಕೆಂಪಗೆ ಕಂಡರೆ ಅದು ತವರ ಲೇಪಿಸಿದ ತಾಮ್ರ. ಅದು ಒಳ್ಳೆ ವೈರ್. ಗಾಬರಿಯಾಗಿ ವಾಪಸ್ ಕೊಡಬೇಡಿ.

ಇನ್ನೊಂದು ದಾರಿ ತೂಕ. ಇದು ನನಗೆ ಬಹಳ ಇಷ್ಟದ್ದು. 5 ಮೀಟರ್ 4 ಗೇಜ್ ವೈರಿನಲ್ಲಿ ಬರೀ ತಾಮ್ರವೇ 940 ಗ್ರಾಂ ಇರಬೇಕು. ಸಿಸಿಎ ಆದರೆ ಲೋಹ ಅದರ ಅರ್ಧವೂ ತೂಗುವುದಿಲ್ಲ. ರಬ್ಬರ್ ಸೇರಿಸಿಯೂ ಒಂದು ಕಿಲೋ ದಾಟದಿದ್ದರೆ ಅದು ತಾಮ್ರ ಅಲ್ಲ, ಇಲ್ಲವೇ 4 ಗೇಜ್ ಅಲ್ಲ. ಶಹಾಬಾದಿನಿಂದ ಬಂದ ಒಬ್ಬ ಹುಡುಗ ‘ಪ್ಯೂರ್ ಕಾಪರ್ ಅದ ಅಣ್ಣಾ, ಬಾಕ್ಸ್ ಮ್ಯಾಲೆ ಬರ್ದಾರ’ ಅಂತ ವಾದಕ್ಕೆ ನಿಂತ. ಪಕ್ಕದ ಕಿರಾಣಿ ಅಂಗಡಿಗೆ ಕರೆದುಕೊಂಡು ಹೋಗಿ ಕಾಕಾನ ಕೈಯಲ್ಲೇ ತೂಗಿಸಿದೆ. ಪೂರ್ತಿ ಸುರುಳಿ, ರಬ್ಬರ್ ಸಮೇತ, ಮುಕ್ಕಾಲು ಕಿಲೋನೂ ಇರಲಿಲ್ಲ. ಹುಡುಗ ಏನೂ ಮಾತಾಡದೆ ಆ ಕಿಟ್ ವಾಪಸ್ ಕಳಿಸಿದ.

ಸಿಸಿಎ ಹಾಕಲೇಬಾರದು ಅಂತ ನಾನು ಹೇಳುವುದಿಲ್ಲ. ಕೈಯಲ್ಲಿ ದುಡ್ಡಿಲ್ಲದವರು ಇದ್ದಾರೆ. ಸಣ್ಣ ಆಂಪ್‌ಗೆ ಒಂದು ಸೈಜ್ ದಪ್ಪ ತೆಗೆದುಕೊಂಡು, ಫ್ಯೂಸ್ ಕಡಿಮೆ ಹಾಕಿದರೆ ನಡೆಯುತ್ತದೆ. ಆದರೆ ಅದು ಸಿಸಿಎ ಅಂತ ಗೊತ್ತಿದ್ದು ಹಾಕಬೇಕು. ತಾಮ್ರದ ರೇಟ್ ಕೊಟ್ಟು ಅಲ್ಯೂಮಿನಿಯಂ ತರುವುದು, ತಾಮ್ರದ ಲೆಕ್ಕದ ಫ್ಯೂಸನ್ನು ಅದಕ್ಕೆ ಹಾಕುವುದು, ಇದು ನನಗೆ ಸಹಿಸಲು ಆಗುವುದಿಲ್ಲ.

ಕಿಟ್ ಬೇಡ, ಒಳ್ಳೆ ವೈರ್ ಇಲ್ಲೇ ಬೇಕು ಅನ್ನುವವರಿಗೆ ನಾನು ತೋರಿಸುವುದು ವೆಲ್ಡಿಂಗ್ ಕೇಬಲ್. ಕಪನೂರು ಇಂಡಸ್ಟ್ರಿಯಲ್ ಏರಿಯಾ ಇರುವ ಊರು ನಮ್ಮದು, ಇಲ್ಲಿ ವೆಲ್ಡಿಂಗ್ ಸಾಮಾನಿಗೆ ಬರವಿಲ್ಲ. 25, 35 ಸ್ಕ್ವೇರ್ ಎಂಎಂ ಕೇಬಲ್ ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ. ಕೂದಲಿನಂಥ ಸಣ್ಣ ಎಳೆಗಳು, ಹೇಗೆ ಬೇಕಾದರೂ ಬಾಗುತ್ತದೆ. ಅದರಲ್ಲೂ ಅಲ್ಯೂಮಿನಿಯಂನದು ಬರುತ್ತದೆ, ಹಾಗಾಗಿ ತಾಮ್ರದ್ದು ಅಂತ ಕೇಳಿ, ಮೇಲೆ ಹೇಳಿದಂತೆ ಕೆರೆದು ನೋಡಿ. ಅದರ ರಬ್ಬರ್ ಎಂಜಿನ್ ಆಯಿಲ್, ಡೀಸೆಲ್ ತಾಗಿದರೆ ಕೆಡಬಹುದು. ಬಾನೆಟ್ ಒಳಗಿನ ಭಾಗಕ್ಕೆ ಪೂರ್ತಿ ಫ್ಲೆಕ್ಸಿಬಲ್ ಪೈಪ್ ಹಾಕಿಯೇ ಎಳೆಯಬೇಕು.

ಮನೆ ವೈರಿಂಗಿನ ವೈರ್ ಉಳಿದಿದೆ, ಅದನ್ನೇ ಹಾಕಿ ಅನ್ನುವವರೂ ಬರುತ್ತಾರೆ. ಸಾಮಾನ್ಯ ಮನೆ ವೈರಿನ ಪಿವಿಸಿ 70 ಡಿಗ್ರಿಗೆ ಮಾಡಿದ್ದು. ನಮ್ಮ ಊರಿನ ಬಿಸಿಲು ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ. ಆ ಬಿಸಿಲಲ್ಲಿ ಸೇಡಂ ತನಕ ಓಡಿಸಿ ತಂದ ಗಾಡಿಯ ಬಾನೆಟ್ ಎತ್ತಿ ಒಳಗೆ ಕೈ ಇಟ್ಟು ನೋಡಿ. ವೈರಿನಲ್ಲಿ ಕರೆಂಟ್ ಹರಿಯುವ ಮೊದಲೇ ಅದರ ಸುತ್ತಲಿನ ಗಾಳಿ 70ರ ಹತ್ತಿರ ಇರುತ್ತದೆ. ಬಾನೆಟ್ ಒಳಗೆ 105 ಡಿಗ್ರಿ ತಡೆಯುವ ಇನ್ಸುಲೇಶನ್ ಇದ್ದರೆ ನೆಮ್ಮದಿ.

ಇಷ್ಟಾದ ಮೇಲೆ ಫ್ಯೂಸ್ ನಂಬರ್ ತಾನಾಗಿಯೇ ಬರುತ್ತದೆ. ಆಂಪ್ ಎಳೆಯುವುದಕ್ಕಿಂತ ಸ್ವಲ್ಪ ಜಾಸ್ತಿ, ವೈರ್ ತಡೆಯುವುದಕ್ಕಿಂತ ಕಡಿಮೆ. ನಾನು ಪಾಲಿಸುವ ಮಿತಿ ಹೀಗಿದೆ. ತಾಮ್ರದ 8 ಗೇಜ್‌ಗೆ 50ರ ಮೇಲೆ ಹಾಕುವುದಿಲ್ಲ. 4 ಗೇಜ್‌ಗೆ 100. 2 ಗೇಜ್‌ಗೆ 150. ಸೊನ್ನೆ ಗೇಜ್‌ಗೆ 250. ಸಿಸಿಎ ಆದರೆ 8 ಗೇಜ್‌ಗೆ 30, 4 ಗೇಜ್‌ಗೆ 60. ಕಿಟ್ ಮಾಡುವವರು ಇದಕ್ಕಿಂತ ಜಾಸ್ತಿ ಬರೆದಿರುತ್ತಾರೆ. ನಮ್ಮ ಬಿಸಿಲು ನೋಡಿ ನಾನು ಕೈ ಬಿಗಿ ಹಿಡಿದಿದ್ದೇನೆ. 30ರ ಎರಡು ಫ್ಯೂಸ್ ಇರುವ ಆಂಪ್, 4 ಗೇಜ್ ತಾಮ್ರ ಅಂದರೆ ಬ್ಯಾಟರಿ ಹತ್ತಿರ 80 ಹಾಕುತ್ತೇನೆ. ಆಂಪ್‌ನಲ್ಲಿ ತೊಂದರೆಯಾದರೆ ಅದರ ಸ್ವಂತ ಫ್ಯೂಸ್ ಹೋಗುತ್ತದೆ, ವೈರ್ ಶಾರ್ಟ್ ಆದರೆ 80ರದ್ದು ಹೋಗುತ್ತದೆ. ಯಾವುದು ಹೋಗಿದೆ ಅಂತ ನೋಡಿದ ಕೂಡಲೇ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ. ಆಂಪ್‌ನಲ್ಲಿ ಫ್ಯೂಸೇ ಇಲ್ಲದಿದ್ದರೆ ಮಾತು ಬೇರೆ. ಆಗ ಕಂಪನಿಯವರು ಪುಸ್ತಕದಲ್ಲಿ ಹೇಳಿದ ನಂಬರನ್ನೇ ಹಾಕಬೇಕು.

ಬಹಳ ಜನ ಫ್ಯೂಸ್ ಬಗ್ಗೆ ಒಂದು ತಪ್ಪು ತಿಳಿದಿದ್ದಾರೆ. 100ರ ಫ್ಯೂಸ್ 101 ಆಂಪಿಯರ್‌ಗೆ ಹೋಗುತ್ತದೆ ಅಂದುಕೊಳ್ಳುತ್ತಾರೆ. ಹಾಗಿಲ್ಲ. ಕಾರಿನ ಬ್ಲೇಡ್ ಫ್ಯೂಸ್ ಅದರ ಮೇಲೆ ಬರೆದದ್ದಕ್ಕಿಂತ ಶೇಕಡ 10 ಜಾಸ್ತಿ ಕರೆಂಟನ್ನು ಗಂಟೆಗಟ್ಟಲೆ ತಡೆಯಬೇಕು ಅಂತಲೇ ಮಾಡಿರುತ್ತಾರೆ. ಶೇಕಡ 35 ಜಾಸ್ತಿ ಹರಿದರೂ ಹೋಗಲು ಹತ್ತು ನಿಮಿಷದವರೆಗೆ ತೆಗೆದುಕೊಳ್ಳಬಹುದು. ಎರಡು ಪಟ್ಟು ಹರಿದರೆ ಕೆಲವು ಸೆಕೆಂಡು. ಬೋಲ್ಟ್ ಹಾಕುವ ದೊಡ್ಡ ಫ್ಯೂಸುಗಳೂ ನಿಧಾನದವೇ. ಹಾಗಾಗಿ 8 ಗೇಜ್ ವೈರಿಗೆ ‘ಇರ್ಲಿ ಬಿಡ್ರಿ’ ಅಂತ 100ರ ಫ್ಯೂಸ್ ಹಾಕಿದರೆ, 120 ಆಂಪಿಯರ್ ಹರಿಯುವಾಗ ವೈರಿನ ರಬ್ಬರ್ ಮೆತ್ತಗಾಗುತ್ತಾ ಇರುತ್ತದೆ, ಫ್ಯೂಸ್ ಆರಾಮಾಗಿ ಕೂತಿರುತ್ತದೆ.

ಸೆಖೆಯಲ್ಲಿ ಫ್ಯೂಸ್ ಸ್ವಲ್ಪ ಬೇಗ ಹೋಗುತ್ತದೆ, ಅದೂ ತಿಳಿದಿರಲಿ. ಅದರ ನಂಬರ್ 25 ಡಿಗ್ರಿಗೆ ಅಳೆದದ್ದು. ಆಂಪ್ 60 ಎಳೆಯುತ್ತದೆ ಅಂತ ಬ್ಯಾಟರಿ ಹತ್ತಿರವೂ ಸರಿಯಾಗಿ 60ರದ್ದೇ ಹಾಕಿದರೆ ಮೇ ತಿಂಗಳ ಮಧ್ಯಾಹ್ನ ಏನೂ ಕಾರಣವಿಲ್ಲದೆ ಹೋಗಬಹುದು. 80 ಹಾಕುವುದಕ್ಕೆ ಇದೂ ಒಂದು ಕಾರಣ.

ಯಾವ ಥರದ ಫ್ಯೂಸ್? ಅಗ್ಗದ ಕಿಟ್‌ಗಳಲ್ಲಿ ಗಾಜಿನ ಕೊಳವೆಯ ಎಜಿಯು ಫ್ಯೂಸ್ ಕೊಡುತ್ತಾರೆ. ಎರಡು ತುದಿಯ ಟೊಪ್ಪಿಗೆಯನ್ನು ಕ್ಲಿಪ್ ಹಿಡಿದುಕೊಂಡಿರುತ್ತದೆ. ನಮ್ಮ ರಸ್ತೆಯ ಕುಲುಕಾಟಕ್ಕೆ ಆ ಹಿಡಿತ ಸಡಿಲಾಗುತ್ತದೆ. ಸಡಿಲಾದ ಜಾಗ ಕಾಯುತ್ತದೆ. ಒಳಗಿನ ತಂತಿ ಸರಿಯಾಗೇ ಇರುತ್ತದೆ, ಹೊರಗಿನ ಪ್ಲಾಸ್ಟಿಕ್ ಹೋಲ್ಡರ್ ಕರಗಿರುತ್ತದೆ. ಅಂಥ ಹೋಲ್ಡರ್‌ಗಳನ್ನು ಬಿಚ್ಚಿ ಒಂದು ಡಬ್ಬದಲ್ಲಿ ಇಟ್ಟಿದ್ದೇನೆ, ಗಿರಾಕಿಗಳಿಗೆ ತೋರಿಸಲಿಕ್ಕೆ. ನಾನು ಹಾಕುವುದು ಬೋಲ್ಟ್‌ನಿಂದ ಬಿಗಿಯುವ ಎಎನ್‌ಎಲ್, ಮಿನಿ ಎಎನ್‌ಎಲ್ ಅಥವಾ ಮಿಡಿ ಫ್ಯೂಸ್. ಮಿಡಿ ಫ್ಯೂಸನ್ನು ಕಾರ್ ಕಂಪನಿಯವರೇ ಬ್ಯಾಟರಿ ಪಕ್ಕದ ಬಾಕ್ಸ್‌ನಲ್ಲಿ ಬಳಸುತ್ತಾರೆ. ಸಣ್ಣ ಆಂಪ್‌ಗೆ ದೊಡ್ಡ ಬ್ಲೇಡಿನ ಮ್ಯಾಕ್ಸಿ ಫ್ಯೂಸೂ ಸಾಕು. ಚಿನ್ನದ ಬಣ್ಣಕ್ಕೆ ಮರುಳಾಗಬೇಡಿ. ಲಿಟಲ್‌ಫ್ಯೂಸ್, ಬಸ್‌ಮನ್ ಥರದ ಹೆಸರಿರುವುದು, ಮೇಲೆ ಆಂಪಿಯರ್ ಮತ್ತು ವೋಲ್ಟ್ ಎರಡೂ ಬರೆದಿರುವುದು ತೆಗೆದುಕೊಳ್ಳಿ. ಹೆಸರೇ ಇಲ್ಲದ ಫ್ಯೂಸ್ ಎಷ್ಟಕ್ಕೆ ಹೋಗುತ್ತದೆ ಅಂತ ಯಾರೂ ಹೇಳಲು ಆಗುವುದಿಲ್ಲ.

ಎರಡು ಆಂಪ್ ಇದ್ದರೆ ಡಿಕ್ಕಿಯಲ್ಲಿ ಡಿಸ್ಟ್ರಿಬ್ಯೂಶನ್ ಬ್ಲಾಕ್ ಬರುತ್ತದೆ. ದಪ್ಪ ವೈರ್ ಒಳಗೆ, ಎರಡು ಸಣ್ಣ ವೈರ್ ಹೊರಗೆ. ವೈರ್ ಸಣ್ಣದಾದ ಕಡೆಯಲ್ಲೆಲ್ಲ ಹೊಸ ಫ್ಯೂಸ್ ಬೇಕು. ಬ್ಯಾಟರಿ ಹತ್ತಿರದ 100ರ ಫ್ಯೂಸ್ 4 ಗೇಜ್‌ನ್ನು ಕಾಯುತ್ತದೆ, ಅಲ್ಲಿಂದ ಮುಂದೆ ಹೋದ 8 ಗೇಜ್‌ನ್ನು ಕಾಯುವುದಿಲ್ಲ. ಫ್ಯೂಸ್ ಇರುವ ಬ್ಲಾಕ್‌ಗಳೇ ಸಿಗುತ್ತವೆ, ಅದನ್ನೇ ತೆಗೆದುಕೊಳ್ಳಿ. ಗಣೇಶ ಹಬ್ಬಕ್ಕೆ ಗಾಡಿ ತಯಾರು ಮಾಡುವವರು ಹಿಂದೆ ಎರಡನೇ ಬ್ಯಾಟರಿ ಇಡುತ್ತಾರೆ. ಅಲ್ಲಿ ಎರಡು ಬ್ಯಾಟರಿ ನಡುವಿನ ವೈರಿಗೆ ಎರಡೂ ತುದಿಯಲ್ಲಿ ಫ್ಯೂಸ್ ಹಾಕಲೇಬೇಕು. ಒಂದು ಕಡೆ ಫ್ಯೂಸ್ ಹೋದರೂ ಇನ್ನೊಂದು ಬ್ಯಾಟರಿ ಆ ಶಾರ್ಟ್‌ಗೆ ಕರೆಂಟ್ ಕೊಡುತ್ತಲೇ ಇರುತ್ತದೆ. ಇದನ್ನು ಹೇಳಿದರೆ ಬಹಳ ಜನಕ್ಕೆ ಹೊಸದು.

ಗ್ರೌಂಡ್ ವೈರ್ ಪಾಸಿಟಿವ್‌ನಷ್ಟೇ ದಪ್ಪ ಇರಬೇಕು. ಹೋದಷ್ಟೇ ಕರೆಂಟ್ ವಾಪಸ್ ಬರಬೇಕಲ್ಲ. ಒಂದೂವರೆ ಅಡಿ ಉದ್ದ ಸಾಕು. ಡಿಕ್ಕಿಯಲ್ಲಿ ಗಟ್ಟಿ ತಗಡು ಹುಡುಕಿ, ಬಣ್ಣವನ್ನು ಉಜ್ಜಿ ಲೋಹ ಹೊಳೆಯುವಂತೆ ಮಾಡಿ, ಸ್ಟಾರ್ ವಾಷರ್ ಇಟ್ಟು, ನಟ್ಟು ಬೋಲ್ಟ್ ಬಿಗಿದು, ಮೇಲೆ ಗ್ರೀಸ್ ಅಥವಾ ಬಣ್ಣ ಹಚ್ಚಿ. ಇಲ್ಲದಿದ್ದರೆ ಒಂದು ಮಳೆಗಾಲಕ್ಕೇ ತುಕ್ಕು. ಸೀಟ್ ಬೆಲ್ಟ್ ಬೋಲ್ಟ್‌ಗೆ ಗ್ರೌಂಡ್ ಕೊಡಬೇಡಿ. ಅದು ಜೀವ ಕಾಯುವ ಬೋಲ್ಟ್, ಅದರ ಬಿಗಿ ಬದಲಾಗಬಾರದು. ಹೊಸ ಕಾರುಗಳಲ್ಲಿ ಬ್ಯಾಟರಿ ನೆಗೆಟಿವ್ ಟರ್ಮಿನಲ್ ಮೇಲೆ ಸಣ್ಣ ಸೆನ್ಸರ್ ಇರುತ್ತದೆ. ಅಂಥ ಗಾಡಿಯಲ್ಲಿ ಗ್ರೌಂಡನ್ನು ನೇರ ಆ ಟರ್ಮಿನಲ್‌ಗೆ ತರಬಾರದು, ಬಾಡಿಗೇ ಕೊಡಬೇಕು. ಇಲ್ಲದಿದ್ದರೆ ಬ್ಯಾಟರಿಯ ಲೆಕ್ಕ ಕಾರಿಗೆ ತಪ್ಪುತ್ತದೆ.

ಹಿಂದೆ ಎಷ್ಟೇ ದಪ್ಪ ವೈರ್ ಹಾಕಿದರೂ ಮುಂದೆ ಬ್ಯಾಟರಿ ನೆಗೆಟಿವ್‌ನಿಂದ ಬಾಡಿಗೆ ಬರುವ ಕಂಪನಿಯ ವೈರ್ ಸಣ್ಣದೇ ಇರುತ್ತದೆ. ದೊಡ್ಡ ಆಂಪ್ ಆದರೆ ಅದರ ಪಕ್ಕ ಇನ್ನೊಂದು ದಪ್ಪ ವೈರ್ ಸೇರಿಸುತ್ತೇನೆ. ಎಂಜಿನ್‌ನಿಂದ ಬಾಡಿಗೆ ಒಂದು, ಆಲ್ಟರ್ನೇಟರ್‌ನಿಂದ ಬ್ಯಾಟರಿ ಪಾಸಿಟಿವ್‌ಗೆ ಫ್ಯೂಸ್ ಸಮೇತ ಒಂದು. ಆದರೆ ಆಲ್ಟರ್ನೇಟರ್ ಕೊಡುವುದೇ ಇಷ್ಟು ಅಂತ ಇದೆ. ಸಣ್ಣ ಕಾರುಗಳಲ್ಲಿ ಅದು ಒಟ್ಟು 70, 80ರ ಆಸುಪಾಸು. ಅದರಲ್ಲೇ ಎಸಿ, ಫ್ಯಾನ್, ಹೆಡ್‌ಲೈಟ್ ಎಲ್ಲಾ ನಡೆಯಬೇಕು. ಮೆರವಣಿಗೆಯಲ್ಲಿ ಗಾಡಿ ಐಡಲ್‌ನಲ್ಲಿ ತೆವಳುವಾಗ ಅಷ್ಟೂ ಬರುವುದಿಲ್ಲ. ಆಗ ಆಂಪ್ ತಿನ್ನುವುದು ಬ್ಯಾಟರಿಯನ್ನು. 1500 ವ್ಯಾಟ್ ಆರ್‌ಎಂಎಸ್ ಆಂಪ್ ಹಿಡಿದು ಸಣ್ಣ ಕಾರಿನಲ್ಲಿ ಬಂದವರಿಗೆ ನಾನು ವೈರ್ ಹಾಕುವ ಮೊದಲೇ ಇದನ್ನು ಹೇಳುತ್ತೇನೆ.

ವೈರ್ ಎಳೆಯುವ ದಿನ ಮೊದಲ ಕೆಲಸ ಬ್ಯಾಟರಿ ನೆಗೆಟಿವ್ ಬಿಚ್ಚುವುದು. ಫ್ಯೂಸ್ ಕೂರಿಸುವುದು ಕೊನೆಯ ಕೆಲಸ. ಫೈರ್‌ವಾಲ್‌ನಲ್ಲಿ ಕಂಪನಿಯ ರಬ್ಬರ್ ಗ್ರೊಮೆಟ್ ಇದ್ದೇ ಇರುತ್ತದೆ, ಅದರಲ್ಲೇ ಜಾಗ ಮಾಡಿಕೊಳ್ಳಿ. ಹೊಸ ತೂತು ಹೊಡೆಯಲೇಬೇಕಾದರೆ ಅಂಚು ಅರದಿಂದ ಉಜ್ಜಿ, ಬಣ್ಣ ಹಚ್ಚಿ, ಗ್ರೊಮೆಟ್ ಹಾಕಿ. ಪವರ್ ವೈರ್ ಒಂದು ಪಕ್ಕದ ಬಾಗಿಲ ಕೆಳಗೆ, ಸ್ಟೀರಿಯೋದಿಂದ ಆಂಪ್‌ಗೆ ಹಾಡು ತರುವ ಆರ್‌ಸಿಎ ವೈರ್ ಇನ್ನೊಂದು ಪಕ್ಕ. ಎರಡೂ ಜೊತೆಗೆ ಹೋದರೆ ಎಂಜಿನ್ ಏರಿಸಿದಂತೆ ಸ್ಪೀಕರಿನಲ್ಲಿ ಕುಂಯ್ ಅನ್ನುವ ಶಬ್ದ ಬರಬಹುದು. ಹಳದಿ ಸ್ಲೀವ್, ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು, ಅದನ್ನು ಮುಟ್ಟಬೇಡಿ, ಅದಕ್ಕೆ ಕಟ್ಟಲೂ ಬೇಡಿ. ಸೀಟ್ ಹಳಿಯ ಕೆಳಗೆ ವೈರ್ ಹೋಗುತ್ತಿದ್ದರೆ ಸೀಟ್ ಪೂರ್ತಿ ಹಿಂದೆ ಮುಂದೆ ಮಾಡಿ ನೋಡಿ.

ವೈರ್ ತುದಿಗೆ ಹಾಕುವ ಥಿಂಬಲ್ ಒತ್ತುವುದಕ್ಕೆ ಹೈಡ್ರಾಲಿಕ್ ಕ್ರಿಂಪರ್ ಇರುವ ಕಡೆ ಮಾಡಿಸಿ. ಸುತ್ತಿಗೆಯಿಂದ ಚಪ್ಪಟೆ ಮಾಡಿದ ಥಿಂಬಲ್ ಹೊರಗೆ ಬಿಗಿಯಾಗಿ ಕಂಡರೂ ಒಳಗೆ ಎಳೆಗಳ ನಡುವೆ ಗಾಳಿ ಇರುತ್ತದೆ. ಸರಿಯಾಗಿ ಒತ್ತಿದ್ದನ್ನು ಕುಯ್ದು ನೋಡಿದರೆ ಎಳೆಗಳು ಬೇರೆ ಬೇರೆ ಕಾಣುವುದಿಲ್ಲ, ಒಂದೇ ಗಟ್ಟಿ ತಾಮ್ರದಂತೆ ಕಾಣುತ್ತದೆ. ನಮ್ಮ ಉಸ್ತಾದ್ ಹೊಸ ಹುಡುಗ ಕೆಲಸಕ್ಕೆ ಬಂದರೆ ಮೊದಲು ಒಂದು ಥಿಂಬಲ್ ಒತ್ತಿಸಿ, ಅದನ್ನು ಗರಗಸದಿಂದ ಕುಯ್ದು ತೋರಿಸುತ್ತಿದ್ದರು. ನಾನೂ ಅದನ್ನೇ ಮಾಡುತ್ತೇನೆ.

ಎಲ್ಲಾ ಮುಗಿದ ಮೇಲೆ ಮಲ್ಟಿಮೀಟರ್. ಎಂಜಿನ್ ಚಾಲೂ ಇಟ್ಟು, ಬೇಸ್ ಜಾಸ್ತಿ ಇರುವ ಹಾಡು ಹಾಕಿ, ಬ್ಯಾಟರಿ ಮೇಲೆ ಎಷ್ಟು ವೋಲ್ಟ್, ಆಂಪ್ ಟರ್ಮಿನಲ್ ಮೇಲೆ ಎಷ್ಟು ಅಂತ ನೋಡಿ. ವ್ಯತ್ಯಾಸ ಅರ್ಧ ವೋಲ್ಟ್ ದಾಟಿದರೆ ಎಲ್ಲೋ ತಿನ್ನುತ್ತಿದೆ. ಫ್ಯೂಸ್ ಹೋಲ್ಡರಿನ ಈ ಬದಿ ಆ ಬದಿ, ಗ್ರೌಂಡ್ ಬೋಲ್ಟ್‌ನಿಂದ ಬ್ಯಾಟರಿ ನೆಗೆಟಿವ್‌ಗೆ, ಹೀಗೆ ಒಂದೊಂದೇ ತುಂಡು ಅಳೆದರೆ ಜಾಗ ಸಿಕ್ಕೇ ಸಿಗುತ್ತದೆ. ಅರ್ಧ ಗಂಟೆ ಹಾಡಿದ ಮೇಲೆ ಜಾಯಿಂಟ್‌ಗಳ ಮೇಲೆ ಬೆರಳಿಡಿ. ವೈರಿಗಿಂತ ಜಾಯಿಂಟ್ ಬಿಸಿ ಇದ್ದರೆ ಬಿಚ್ಚಿ ಮತ್ತೆ ಮಾಡಿ. ಒಂದು ತಿಂಗಳು ಓಡಿಸಿದ ಮೇಲೆ ಎಲ್ಲಾ ಬೋಲ್ಟ್ ಮತ್ತೊಮ್ಮೆ ಬಿಗಿಯಲು ಬನ್ನಿ ಅಂತ ಹೇಳಿ ಕಳಿಸುತ್ತೇನೆ. ಅದಕ್ಕೆ ದುಡ್ಡು ತೆಗೆದುಕೊಳ್ಳುವುದಿಲ್ಲ.

ಗಿರಾಕಿಗೆ ಅದೇ ನಂಬರಿನ ಫ್ಯೂಸ್ ಎರಡು ಜಾಸ್ತಿ ಕೊಟ್ಟು ಡ್ಯಾಶ್‌ಬೋರ್ಡ್ ಡಬ್ಬದಲ್ಲಿ ಇಡಲು ಹೇಳುತ್ತೇನೆ. ಒಂದು ಹೋದರೆ ಹಾಕಿಕೊಳ್ಳಿ, ಎರಡನೆಯದೂ ಹೋದರೆ ದೊಡ್ಡ ನಂಬರ್ ಹಾಕಬೇಡಿ, ಗಾಡಿ ತನ್ನಿ. ಆಮೇಲೆ ಫ್ಯೂಸ್ ಹೋಲ್ಡರಿನ ಮುಚ್ಚಳದ ಮೇಲೆ ಬಿಳಿ ಟೇಪ್ ಅಂಟಿಸಿ ಮಾರ್ಕರ್‌ನಲ್ಲಿ ಬರೆಯುತ್ತೇನೆ: ‘4 ಗೇಜ್ ತಾಮ್ರ, 5 ಮೀಟರ್, ಫ್ಯೂಸ್ 80, 100ಕ್ಕಿಂತ ಜಾಸ್ತಿ ಬೇಡ’. ಗಾಡಿ ಕೈ ಬದಲಾಗುತ್ತದೆ, ಮೆಕ್ಯಾನಿಕ್ ಬದಲಾಗುತ್ತಾನೆ. ಬಾನೆಟ್ ಎತ್ತಿದ ಯಾರಿಗಾದರೂ ಓದಲು ಬರಲಿ ಅಂತ ಕನ್ನಡದ ಕೆಳಗೆ ಉರ್ದುವಿನಲ್ಲೂ ಬರೆಸುತ್ತೇನೆ.